ಮಗುವಿನ ಪಾಠ ಮಗುವಿನ ಕೈಗೇ ಬರಲಿ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಮಾನ್ಯ ಸಚಿವರ ಸನ್ನಿಧಿಗೆ,



ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಯಾವುದೇ ಜೆರಾಕ್ಸ್ ಅಂಗಡಿಯ ಮುಂದೆ ಸಂಜೆ ಏಳರಿಂದ ಒಂಬತ್ತರವರೆಗೆ ನಿಂತು ನೋಡಿದವರಿಗೆ, ನಮ್ಮ ಮಕ್ಕಳ ವಿದ್ಯಾಭ್ಯಾಸದಲ್ಲಿ ಸಂಭವಿಸಿರುವ ಒಂದು ಮಾರ್ಪಾಟು ತಾನಾಗಿಯೇ ಗೋಚರವಾಗುತ್ತದೆ. ಕೆಲಸದಿಂದ ಆಗತಾನೇ ಮರಳಿದ ತಾಯಂದಿರು, ಬುತ್ತಿಯ ಚೀಲವನ್ನು ಇನ್ನೂ ಹೆಗಲಿನಿಂದ ಇಳಿಸದೆ, ಶಾಲೆಯ ವಾಟ್ಸ್ಆ್ಯಪ್ ಗ್ರೂಪಿಗೆ ಬಂದ ವರ್ಕ್‌ಶೀಟನ್ನು ಅಂಗಡಿಯವನ ಮೊಬೈಲಿಗೆ ಕಳುಹಿಸಿ, ಪ್ರಿಂಟು ಕೈಸೇರುವವರೆಗೆ ಕಾದು ಮನೆಗೆ ಧಾವಿಸುತ್ತಾರೆ. ಬರೆಯಬೇಕಾದ ಮಗುವಾದರೋ, ನಾಳೆಗೆ ಏನು ಬರೆಯಬೇಕೆಂಬುದನ್ನೇ ಅರಿಯದೆ ಅಷ್ಟು ಹೊತ್ತೂ ಮನೆಯಲ್ಲಿ ಕುಳಿತಿರುತ್ತದೆ. ಈ ಒಂದು ವಿಷಯವನ್ನೇ ಕುರಿತು ತಮ್ಮಲ್ಲಿ ವಿಜ್ಞಾಪಿಸಿಕೊಳ್ಳಲು ಈ ಪತ್ರ.

ವಿದ್ಯೆಗೆ ಯಂತ್ರವು ನೆರವಾಗುವುದನ್ನು ವಿರೋಧಿಸುವವನು ನಾನಲ್ಲ. ಆಕಾಶವಾಣಿಯ ಶಾಲಾ ಪ್ರಸಾರಗಳನ್ನು ಕೇಳಿ ಕಲಿತ ಮಕ್ಕಳು ನಮ್ಮ ನಾಡಿನಲ್ಲಿ ಅಸಂಖ್ಯಾತರು; 2004ರ ಸೆಪ್ಟೆಂಬರಿನಲ್ಲಿ ಇಸ್ರೋ ಸಂಸ್ಥೆಯು ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಆರಂಭದ ಪ್ರಯೋಗಗಳಿಗೆ ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಆಯ್ಕೆಯಾದದ್ದು ಹೆಮ್ಮೆಪಡತಕ್ಕ ಸಂಗತಿ. ಆದರೆ ಆ ಸಾಧನಗಳು ಬಂದದ್ದು ತರಗತಿಯ ಕೋಣೆಗೆ. ಸಿರಿವಂತರ ಮಗುವೂ ಕೂಲಿಕಾರನ ಮಗುವೂ ಒಂದೇ ಧ್ವನಿಯನ್ನು ಒಟ್ಟಿಗೆ ಕೇಳಿದರು, ಒಂದೇ ಚಿತ್ರವನ್ನು ಒಟ್ಟಿಗೆ ನೋಡಿದರು; ಅರ್ಥವಾಗದಿದ್ದುದನ್ನು ಬಿಡಿಸಿ ಹೇಳಲು ಪಕ್ಕದಲ್ಲಿಯೇ ಉಪಾಧ್ಯಾಯರಿದ್ದರು. ಮೊಬೈಲು ಹಾಗೆ ಬರಲಿಲ್ಲ. ಅದು ಶಾಲೆಯನ್ನು ದಾಟಿ, ಒಂದೊಂದು ಮನೆಗೆ ಅದರದರ ಶಕ್ತ್ಯನುಸಾರವಾಗಿ ಪ್ರವೇಶಿಸಿತು.

2020ರ ಮಾರ್ಚಿನಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿದುವು. ಆ ಜೂನಿನಲ್ಲಿ ರಾಜ್ಯ ಸರ್ಕಾರವೇ ಐದನೆಯ ತರಗತಿಯವರೆಗಿನ ಎಳೆಯರಿಗೆ ಆನ್‌ಲೈನ್ ಪಾಠ ಕೂಡದೆಂದು ಆಜ್ಞಾಪಿಸಿತು, ಶಿಕ್ಷಣದ ಮೂಲಭೂತ ಹಕ್ಕಿಗೆ ಅದರಿಂದ ಬಾಧೆಯಾಗುವಂತೆ ಮೇಲ್ನೋಟಕ್ಕೆ ತೋರಿದುದರಿಂದ ಉಚ್ಚ ನ್ಯಾಯಾಲಯವು ಜುಲೈನಲ್ಲಿ ಆ ಆಜ್ಞೆಗೆ ತಡೆ ನೀಡಿತು, ಆಗಸ್ಟಿನಲ್ಲಿ ‘ವಿದ್ಯಾಗಮ’ದ ಹೆಸರಿನಿಂದ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಗುಡಿಯ ಜಗಲಿಗಳಲ್ಲಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದರು, ಅಕ್ಟೋಬರಿನಲ್ಲಿ ಸೋಂಕಿನ ಭೀತಿಯಿಂದ ಅದೂ ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಪುನಃ ಶಾಲೆಯ ಹೊಸ್ತಿಲು ತುಳಿದದ್ದು 2021ರ ಅಕ್ಟೋಬರ್ 25ರಂದು. ಆಪತ್ಕಾಲದಲ್ಲಿ ಮೊಬೈಲು ಎಷ್ಟೋ ಮನೆಗಳಲ್ಲಿ ಅಕ್ಷರದ ಸಂಬಂಧವನ್ನು ಕಡಿಯದೆ ಉಳಿಸಿತೆಂಬುದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ಆಪತ್ತು ಕಳೆದ ಮೇಲೂ ಆಪದ್ಧರ್ಮವೇ ನಿತ್ಯಧರ್ಮವಾಗಿ ನಿಂತುಬಿಟ್ಟಿತು.

ಇದರಿಂದ ಕಳೆದುಹೋದುದು ಯಾವುದು? ಕಪ್ಪುಹಲಗೆಯ ಮೇಲೆ ಮೇಷ್ಟರು ಬರೆದುದನ್ನು ಮಗು ತನ್ನ ಡೈರಿಗೆ ತನ್ನದೇ ಸೊಟ್ಟ ಅಕ್ಷರಗಳಲ್ಲಿ ಇಳಿಸಿಕೊಳ್ಳುತ್ತಿತ್ತು. ಇಳಿಸಿಕೊಳ್ಳುವಾಗಲೇ ಅದು ತನ್ನ ಹೊಣೆಯೆಂಬುದು ಅದರ ಮನಸ್ಸಿಗೆ ಹತ್ತುತ್ತಿತ್ತು. ಮರೆತರೆ, ಮೂರನೆಯ ಕ್ರಾಸಿನ ಗೆಳೆಯನ ಮನೆಗೆ ಓಡಿ, “ನಾಳೆಗೆ ಏನು ಕೊಟ್ಟಿದ್ದಾರೋ?” ಎಂದು ಕೇಳಿ, ಕೇಳಿದ ನೆಪದಲ್ಲಿ ಅರ್ಧ ಗಂಟೆ ಆಡಿ, ಬಯ್ಗುಳಕ್ಕೆ ಅಂಜಿಕೊಂಡು ಮರಳುತ್ತಿತ್ತು. ಮರೆಯುವುದು, ಕೇಳುವುದು, ಅಂಜುವುದು, ತಿದ್ದಿಕೊಳ್ಳುವುದು, ಇವೆಲ್ಲವೂ ಶಿಕ್ಷಣದ ಅಂಗಗಳೇ. ಈಗ ಮರೆಯುವ ಅವಕಾಶವೂ ಮಗುವಿಗಿಲ್ಲ, ನೆನೆಯುವ ಅಗತ್ಯವೂ ಇಲ್ಲ; ಸಂದೇಶ ಬರುವುದು ತಾಯಿಗೆ, ಸಂದೇಹ ಕೇಳುವವಳು ತಾಯಿ, ರಾತ್ರಿ ಹತ್ತಕ್ಕೆ ಉತ್ತರ ಕೊಡಬೇಕಾದವರು ತಮ್ಮ ಮನೆಯ ಕೆಲಸವನ್ನು ಬದಿಗಿಟ್ಟ ಉಪಾಧ್ಯಾಯಿನಿ. ಹೋಂವರ್ಕಿಗೆಂದು ಮೊಬೈಲನ್ನು ಕೈಗೆತ್ತಿಕೊಂಡ ಎಳೆಯನು ರೀಲ್ಸ್‌ಗಳಿಂದ ಹಿಂದಿರುಗುವ ವೇಳೆಗೆ ನಿದ್ರೆಯ ಸಮಯವೂ ಮೀರಿರುತ್ತದೆ.

ಮಾಗಡಿ ರಸ್ತೆಯಲ್ಲಿ ಆಟೋ ಓಡಿಸುವವನ ಮನೆಯಲ್ಲಿ ಇರುವುದೊಂದೇ ಸ್ಮಾರ್ಟ್‌ಫೋನಾದರೆ, ಬಾಡಿಗೆ ಹಿಡಿಯಲು ಅದು ಅವನ ಜೇಬಿನಲ್ಲಿಯೇ ಇರಬೇಕು; ಅವನು ಮನೆ ಸೇರುವವರೆಗೆ ಮಗಳ ಪಾಠವೂ ಮನೆ ಸೇರದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಉಚಿತವೆಂದಿದೆ. ಸರ್ಕಾರವು ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ, ಶೂ, ಹಾಲುಗಳನ್ನು ಕೊಡುತ್ತಿದೆ. ಇವೆಲ್ಲವನ್ನೂ ಕೊಟ್ಟು, ಕಡೆಗೆ ಪಾಠವನ್ನು ತಿಳಿಯಲು ಮೊಬೈಲೂ ಪ್ರತಿ ತಿಂಗಳ ರೀಚಾರ್ಜೂ ಬೇಕೆಂದರೆ, ಅದು ಹೆಸರು ಬದಲಿಸಿಕೊಂಡ ಶುಲ್ಕವೇ ಅಲ್ಲವೆ?

ತಮ್ಮ ಇಲಾಖೆಗೆ ಇಂಥ ವಿಷಯದಲ್ಲಿ ಕೈಹಾಕುವುದು ಹೊಸತಲ್ಲ. 2019ರ ಸುತ್ತೋಲೆಯಲ್ಲಿ ಒಂದು-ಎರಡನೆಯ ತರಗತಿಯ ಮಕ್ಕಳ ಚೀಲದ ಭಾರ ಎರಡು ಕಿಲೋವನ್ನು ಮೀರಕೂಡದೆಂದೂ, ಅವರಿಗೆ ಹೋಂವರ್ಕೇ ಸಲ್ಲದೆಂದೂ, ತಿಂಗಳ ಮೂರನೆಯ ಶನಿವಾರ ಚೀಲವಿಲ್ಲದ ದಿನವೆಂದೂ ವಿಧಿಸಲಾಯಿತು. ಬೆನ್ನಿನ ಭಾರವನ್ನು ತೂಗಿದ ಇಲಾಖೆಯು ಈ ಕಾಣದ ಭಾರವನ್ನೂ ತೂಗಲೆಂಬುದು ನನ್ನ ಪ್ರಾರ್ಥನೆ. ಹೊಸ ಸುತ್ತೋಲೆಯೊಂದು ಹೀಗೆ ವಿಧಿಸಲಿ: ಮೂರರಿಂದ ಏಳನೆಯ ತರಗತಿಯವರೆಗೆ ಹೋಂವರ್ಕು ಏನೆಂಬುದನ್ನು ತರಗತಿಯಲ್ಲಿಯೇ, ಮಗುವಿನ ಕೈಬರಹದಲ್ಲಿಯೇ ಡೈರಿಗೆ ಬರೆಯಿಸತಕ್ಕದ್ದು. ವರ್ಕ್‌ಶೀಟು ಬೇಕಾದರೆ ಶಾಲೆಯೇ ಅಚ್ಚುಹಾಕಿಸಿ ಕೊಡತಕ್ಕದ್ದು. ಪೋಷಕರ ಗ್ರೂಪು ರಜೆ, ಮಳೆ, ಶಾಲಾ ಬಸ್ಸು ಮುಂತಾದ ತುರ್ತಿನ ಸುದ್ದಿಗಷ್ಟೇ ಸಲ್ಲತಕ್ಕದ್ದು.

ಇನ್ನು ‘ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಅಂತರ್ಜಾಲದಿಂದ ಇಳಿಸಿ ಅಂಟಿಸುವ ಚಿತ್ರಗಳ ಮಾತು. ಅದಕ್ಕೆ ಬದಲಾಗಿ ಮಕ್ಕಳನ್ನು ಗ್ರಂಥಾಲಯಕ್ಕೆ ಕಳುಹಿಸಬಹುದು; ಸಾರ್ವಜನಿಕ ಗ್ರಂಥಾಲಯಗಳೂ ತಮ್ಮ ಇಲಾಖೆಯ ಆಶ್ರಯದಲ್ಲಿಯೇ ಇವೆ. 1965ರ ಕಾಯಿದೆಯ ಪ್ರಕಾರ ನಮ್ಮ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ನಾವು ತೆರುತ್ತಿದ್ದೇವೆ. ವಿಜಯನಗರಕ್ಕೆ ಹೊಂದಿಕೊಂಡ ಹಂಪಿನಗರದಲ್ಲಿ ಪಶ್ಚಿಮ ವಲಯದ ಕೇಂದ್ರ ಗ್ರಂಥಾಲಯವಿದೆ. ಕೆಂಗೇರಿಯ ಮಗುವಿಗಾದರೋ ಅದು ದೂರ. ಆ ಕರದ ಹಣದಿಂದ ಬಡಾವಣೆಯ ಶಾಖೆಗಳಲ್ಲಿ ಮಕ್ಕಳಿಗೆಂದೇ ಪುಸ್ತಕಗಳನ್ನೂ ಸಂಜೆಯ ವೇಳೆಯನ್ನೂ ಮೀಸಲಿಟ್ಟರೆ, ಹಕ್ಕಿಯ ವಿಷಯವನ್ನೋ ಹೊಯ್ಸಳರ ವಿಷಯವನ್ನೋ ಮಗು ತಾನೇ ಹುಡುಕಿ, ಓದಿ, ತನ್ನ ಮಾತಿನಲ್ಲಿ ಬರೆದೀತು.

ಮೇ ತಿಂಗಳ ಕೊನೆಗೆ ಶಾಲೆಗಳು ಪುನಃ ತೆರೆಯುವ ಮೊದಲೇ ಈ ಹೊಸ ಸುತ್ತೋಲೆಯು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕೈಸೇರಲೆಂದೂ, ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಶಾಲೆಗಳಿಗೂ ಅದು ಅನ್ವಯಿಸಲೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಧೇಯ,
ಬಸವೇಶ್ವರನಗರದ ಓರ್ವ ನಿವೃತ್ತ ಉಪಾಧ್ಯಾಯ