ಹೊರೆ ಬೆನ್ನಿಗಲ್ಲ, ಚಕ್ರಕ್ಕೆ

ಈ ವಾರ ಸೈಕಲ್ ಅಂಗಡಿಯೊಂದರ ಮುಂದೆ ಸಾಲಾಗಿ ನಿಂತ ಹೊಸ ಗೇರ್ ಸೈಕಲ್‌ಗಳನ್ನು ನೋಡಿದೆ. ಒಂದಕ್ಕೂ ಕ್ಯಾರಿಯರ್ ಇರಲಿಲ್ಲ. ಸಾಮಾನು ಹೊರದ ಸೈಕಲ್ಲು ಬರೀ ವ್ಯಾಯಾಮದ ಯಂತ್ರ, ಅದನ್ನು ಸೈಕಲ್ಲೆಂದು ನಾನು ಒಪ್ಪಲಾರೆ. ನಮ್ಮ ಹಾಲಿನವರನ್ನು ನೋಡಿ: ಕ್ಯಾನುಗಳನ್ನು ಹಿಂದಿನ ಚಕ್ರದ ಎರಡೂ ಬದಿಗೆ, ಆದಷ್ಟು ಕೆಳಗೆ ಇಳಿಬಿಡುತ್ತಾರೆ. ಭಾರ ನೆಲಕ್ಕೆ ಹತ್ತಿರವಾದಷ್ಟೂ ಸೈಕಲ್ಲು ಓಲಾಡುವುದು ಕಡಿಮೆ. ಸೈಕಲ್ಲಿನಲ್ಲಿ ದೂರ ಪ್ರವಾಸ ಹೋಗುವವರು ಕ್ಯಾರಿಯರ್‌ನ ಎರಡೂ ಬದಿಗೆ ಇಳಿಬಿಡುವ ದುಬಾರಿ ಪ್ಯಾನಿಯರ್ ಚೀಲಗಳ ಹಿಂದಿರುವುದೂ ಇದೇ ತಿಳಿವಳಿಕೆ. ಹಳೆಯ ಕಬ್ಬಿಣದ ಕ್ಯಾರಿಯರ್‌ನ ಕಾಲುಗಳು ಅಚ್ಚಿನ ನಟ್ಟಿಗೇ ಕೂತು ಭಾರವನ್ನು ನೇರ ಚಕ್ರಕ್ಕೆ ದಾಟಿಸುತ್ತಿದ್ದವು. ಸೀಟಿನ ಕೊಳವೆಗಷ್ಟೇ ಕಚ್ಚಿಸುವ ಈಗಿನವು ಸಾಮಾನ್ಯವಾಗಿ 10 ಕೆ.ಜಿ. ಆಸುಪಾಸಿಗೆ ಸೀಮಿತ, ಹೆಚ್ಚು ಹೇರಿದರೆ ಪಕ್ಕಕ್ಕೆ ತಿರುಗಿಬಿಡುತ್ತವೆ. ಬದಿಗೆ ಇಳಿಬಿಡುವ ಚೀಲವನ್ನು ತುಸು ಹಿಂದಕ್ಕೆ ಸರಿಸಿ ಕಟ್ಟಬೇಕು, ಇಲ್ಲವಾದರೆ ಪೆಡಲ್ ತುಳಿಯುವಾಗ ಹಿಮ್ಮಡಿ ಸುತ್ತಿಗೊಮ್ಮೆ ತಾಗುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಅದಕ್ಕೆ ತಾಗದ ಕಾಲುಗಳ ಕ್ಯಾರಿಯರ್ ಹುಡುಕಿ. ಮಕ್ಕಳಿಗೆ ಸೈಕಲ್ ಕೊಳ್ಳುವವರೇ, ಬಣ್ಣ, ಗೇರು ನೋಡುವ ಮೊದಲು ಬಗ್ಗಿ, ಹಿಂದಿನ ಅಚ್ಚಿನ ಬಳಿ ಫ್ರೇಮಿನಲ್ಲಿ ಕ್ಯಾರಿಯರ್ ಬೋಲ್ಟಿಗೆ ತೂತು ಇದೆಯೇ ನೋಡಿ. ಶಾಲೆಯ ಚೀಲ ಅವರ ಬೆನ್ನಿನಿಂದ ಇಳಿಯಲಿ.