ಮಡಿಕೇರಿಯ ಸೀಟಿಗೆ ಮಂಗಳೂರಿನ ದಾರಿಯೇಕೆ?

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ವಾರ ಕೊಡಗಿನ ಪಟ್ಟಣಗಳ ನಮ್ಮ ಮನೆಗಳಲ್ಲಿ ಪ್ರತಿ ವರ್ಷವೂ ಹಬ್ಬದ ಸಡಗರವಿರುತ್ತದೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆಗಳಲ್ಲಿ ಜುಮಾ ನಮಾಝ್ ಮುಗಿಸಿ ಹೊರಬರುವ ತಂದೆಯಂದಿರು ಮಗಳ ಅಂಕಗಳನ್ನು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಜಮಾಅತ್ ಕಮಿಟಿಗಳು ಸನ್ಮಾನ ಸಭೆ ಏರ್ಪಡಿಸುತ್ತವೆ. ಸುಮಾರು ಎರಡು ತಿಂಗಳ ಬಳಿಕ ನೀಟ್ ಫಲಿತಾಂಶ ಬಂದಾಗ ಅದೇ ತಂದೆಯಂದಿರು ಮಾತು ಬದಲಿಸುತ್ತಾರೆ. ಪಿಯುಸಿಯಲ್ಲಿ ಶೇ. 95 ಪಡೆದ ಹುಡುಗಿಗೆ ವೈದ್ಯಕೀಯ ಸೀಟಿನ ಸಮೀಪಕ್ಕೂ ಹೋಗಲಾಗಿರುವುದಿಲ್ಲ. ಎರಡೇ ತಿಂಗಳಲ್ಲಿ ಆಕೆ ದಡ್ಡಿಯಾಗಿಬಿಟ್ಟಳೇ?

ಖಂಡಿತ ಇಲ್ಲ. ಅಳತೆಗೋಲು ಬದಲಾಯಿತು, ಅಷ್ಟೆ.

ಪಿಯುಸಿ ಎಂಬ ಅಳತೆಗೋಲಿನಲ್ಲಿ ಕೊಡಗು ಎಂದೂ ಹಿಂದುಳಿದ ಜಿಲ್ಲೆಯಲ್ಲ. 2018, 2019 ಮತ್ತು 2020ರಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡದ ಬೆನ್ನಿಗೇ ರಾಜ್ಯದಲ್ಲಿ ಮೂರನೆಯ ಸ್ಥಾನ ಕೊಡಗಿನದಾಗಿತ್ತು. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಇಲ್ಲದ, 2018ರ ಆಗಸ್ಟ್‌ನಲ್ಲಿ ಬೆಟ್ಟಗಳೇ ಕುಸಿದು ರಸ್ತೆ ಕಡಿದುಹೋದ ಜಿಲ್ಲೆಯ ಸಾಧನೆಯಿದು. ಉತ್ತೀರ್ಣರ ಪ್ರಮಾಣದಲ್ಲಿ ಹುಡುಗಿಯರು ಹುಡುಗರಿಗಿಂತ ಮುಂದಿರುವುದಂತೂ ಈಗ ಸುದ್ದಿಯಾಗಿಯೂ ಉಳಿದಿಲ್ಲ.

ಆದರೆ ಕಾಲೇಜಿನ ಬಾಗಿಲಲ್ಲಿ ಈ ಅಂಕಗಳ ಬೆಲೆ ಎಲ್ಲೆಡೆ ಒಂದೇ ಅಲ್ಲ. ಇಂಜಿನಿಯರಿಂಗ್ ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಪಿಯುಸಿ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ಬೆಲೆ ಕೊಟ್ಟು ರ‍್ಯಾಂಕ್ ನಿರ್ಧರಿಸುತ್ತದೆ. ಎರಡು ವರ್ಷ ಶ್ರದ್ಧೆಯಿಂದ ಓದಿದವಳು ಪ್ರವೇಶ ಪರೀಕ್ಷೆಯ ದಿನ ಜ್ವರದಿಂದ ಬಳಲಿದರೂ ಸಂಪೂರ್ಣ ಮುಳುಗುವುದಿಲ್ಲ. ವೈದ್ಯಕೀಯಕ್ಕೆ ಆ ಆಸರೆಯಿಲ್ಲ. 2017ರಿಂದ ರಾಜ್ಯದ ಎಲ್ಲ ಎಂಬಿಬಿಎಸ್ ಸೀಟುಗಳಿಗೂ ನೀಟ್ ಒಂದೇ ಮಾನದಂಡ. ಅಲ್ಲಿ ಪಿಯುಸಿ ಅಂಕ ಬರೇ ಅರ್ಹತೆಯ ಹೊಸ್ತಿಲು. ನಿಗದಿತ ಕನಿಷ್ಠ ಅಂಕ ದಾಟಿದವನೂ 98 ಶೇಕಡಾ ಪಡೆದವಳೂ ಆ ಹೊಸ್ತಿಲಲ್ಲಿ ಸರಿಸಮಾನರು. ಉಳಿದುದನ್ನೆಲ್ಲ ಒಂದು ಮಧ್ಯಾಹ್ನದ 180 ಪ್ರಶ್ನೆಗಳು ತೀರ್ಮಾನಿಸುತ್ತವೆ.

ಹಾಗೆಂದು ಪ್ರವೇಶ ಪರೀಕ್ಷೆಯೇ ಅನ್ಯಾಯದ ಮೂಲವೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಸಿಇಟಿಗೆ ಮುಂಚಿನ ಕರ್ನಾಟಕವನ್ನು ಬಲ್ಲವರು ಹಾಗೆ ಹೇಳಲಾರರು. ಆಗ ಖಾಸಗಿ ಕಾಲೇಜುಗಳಲ್ಲಿ ಸೀಟು ಕ್ಯಾಪಿಟೇಶನ್ ಶುಲ್ಕಕ್ಕೆ ಮಾರಾಟವಾಗುತ್ತಿತ್ತು. ಆ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವಳೂ ಓರ್ವ ವಿದ್ಯಾರ್ಥಿನಿಯೇ. 1992ರ ಮೋಹಿನಿ ಜೈನ್ ಪ್ರಕರಣ ನಮ್ಮ ರಾಜ್ಯದ ವೈದ್ಯಕೀಯ ಸೀಟೊಂದರ ಕುರಿತಾದುದೇ ಆಗಿತ್ತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು, 1994ರಲ್ಲಿ ಸಿಇಟಿ ಆರಂಭವಾಯಿತು. ಹಣವಿಲ್ಲದ ಎಷ್ಟೋ ಮುಸ್ಲಿಮ್ ಕುಟುಂಬಗಳ ಮೊದಲ ಇಂಜಿನಿಯರ್, ಮೊದಲ ವೈದ್ಯ ಆ ಬಾಗಿಲಿನಿಂದಲೇ ಒಳಹೋದರು.

ಇನ್ನು ಅಂಕಗಳನ್ನೇ ನೆಚ್ಚಬಹುದೇ? 2021ರಲ್ಲಿ ಕೊರೋನಾದಿಂದಾಗಿ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸೆಸೆಲ್ಸಿ, ಪ್ರಥಮ ಪಿಯುಸಿ ಮತ್ತು ಆಂತರಿಕ ಮೌಲ್ಯಮಾಪನಗಳಿಂದ ಅಂಕ ಕೂಡಿಸಿ ಕೊಡಲಾಯಿತು. ಎರಡು ಸಾವಿರಕ್ಕೂ ಹೆಚ್ಚು ಮಂದಿ 600ಕ್ಕೆ 600 ಪಡೆದರು! ಆ ವರ್ಷ ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕ ಪರಿಗಣಿಸಲಿಲ್ಲ. ಮರುವರ್ಷ ಅದೇ ತಂಡದ ಸುಮಾರು 24 ಸಾವಿರ ಮಂದಿ ಪುನಃ ಸಿಇಟಿ ಬರೆದಾಗಲೂ ಅವರ ಪಿಯುಸಿ ಅಂಕಗಳನ್ನು ಕೈಬಿಡಲಾಯಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿ, ಕೊನೆಗೆ 2022ರ ಸೆಪ್ಟಂಬರ್‌ನಲ್ಲಿ ಅವರ ಅಂಕಗಳಲ್ಲಿ ಒಂದಷ್ಟನ್ನು ಕಳೆಯುವ ಸೂತ್ರದೊಂದಿಗೆ ಇತ್ಯರ್ಥವಾಯಿತು. ವಿದ್ಯಾರ್ಥಿಗಳ ಒಂದು ವರ್ಷ ಕೋರ್ಟಿನ ದಿನಾಂಕಗಳಲ್ಲಿ ತೂಗಾಡಿತು. ಪ್ರವೇಶ ಪರೀಕ್ಷೆಗಳ ಕತೆ ಇದಕ್ಕಿಂತ ಉತ್ತಮವೇನಲ್ಲ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನದೆಂದು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅದೇ ವರ್ಷದ ನೀಟ್‌ನಲ್ಲಿ ಮೊದಲಿಗೆ 67 ಮಂದಿಗೆ 720ಕ್ಕೆ 720 ಬಂದು, ಕೃಪಾಂಕ ಮತ್ತು ಪ್ರಶ್ನೆಪತ್ರಿಕೆ ಸೋರಿಕೆಯ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ನಮ್ಮ ಹೆಣ್ಮಕ್ಕಳ ವಿಷಯದಲ್ಲಿ ಪಿಯುಸಿ ಅಂಕಕ್ಕೂ ಒಂದು ಅಪಾಯವಿದೆ. 2022ರ ಹಿಜಾಬ್ ವಿವಾದದ ದಿನಗಳಲ್ಲಿ ಕಾಲೇಜಿನ ಗೇಟಿನಿಂದಲೇ ಮರಳಿದವರನ್ನು, ಪ್ರಾಯೋಗಿಕ ಪರೀಕ್ಷೆ ತಪ್ಪಿಸಿಕೊಂಡವರನ್ನು ನಾವು ಮರೆತಿಲ್ಲ. ವಿಜ್ಞಾನ ವಿಷಯವೊಂದರಲ್ಲಿ 30 ಅಂಕಗಳು ಆ ಪ್ರಾಯೋಗಿಕ ಪರೀಕ್ಷೆಯವು.

ಆದ್ದರಿಂದ ಒಂದನ್ನೇ ನಂಬಿ ಇನ್ನೊಂದನ್ನು ಕಿತ್ತೊಗೆಯುವುದು ಪರಿಹಾರವಲ್ಲ. ಒಂದರ ದೋಷವನ್ನು ಇನ್ನೊಂದು ಸರಿದೂಗಿಸುವಂತೆ ಎರಡನ್ನೂ ತಕ್ಕಡಿಗೆ ಹಾಕುವುದೇ ನ್ಯಾಯಕ್ಕೆ ಹತ್ತಿರವಾದ ಮಾರ್ಗ. 2024ರ ಜುಲೈನಲ್ಲಿ ರಾಜ್ಯದ ವಿಧಾನಮಂಡಲವು ನೀಟ್‌ನಿಂದ ವಿನಾಯಿತಿ ಕೋರಿ, ಸಿಇಟಿ ಆಧಾರದಲ್ಲಿ ವೈದ್ಯಕೀಯ ಪ್ರವೇಶಕ್ಕೆ ಅವಕಾಶ ಕೇಳಿ ನಿರ್ಣಯ ಅಂಗೀಕರಿಸಿತು. ನಾವದನ್ನು ಸ್ವಾಗತಿಸುತ್ತೇವೆ. ಆದರೆ ದಿಲ್ಲಿಯ ಒಂದು ಪರೀಕ್ಷೆಯ ಬದಲು ಬೆಂಗಳೂರಿನ ಒಂದು ಪರೀಕ್ಷೆ ಬಂದರೆ ಕೊಡಗಿನ ಹುಡುಗಿಗೆ ಹೆಚ್ಚೇನೂ ದಕ್ಕದು. ಪಿಯುಸಿ ಅಂಕದ ಪಾಲು ಎಷ್ಟು ಎಂಬುದನ್ನೂ ಸರಕಾರ ಹೇಳಬೇಕಾಗಿತ್ತು. ತಮಿಳುನಾಡು ನೀಟ್ ವಿರುದ್ಧ ಹೋರಾಡುತ್ತಲೇ, 2020ರಲ್ಲಿ ಸರಕಾರಿ ಶಾಲೆಗಳಲ್ಲಿ ಓದಿ ನೀಟ್ ತೇರ್ಗಡೆಯಾದವರಿಗೆ ಶೇ. 7.5 ಒಳಮೀಸಲಾತಿಯನ್ನು ಕಾನೂನಾಗಿಸಿತು. ಅಂಥ ಕಾನೂನಿಗೆ ಕರ್ನಾಟಕ ಯಾರನ್ನು ಕಾಯುತ್ತಿದೆ?

ಸರಕಾರಕ್ಕೆ ಹೇಳಬೇಕಾದುದು ಇಷ್ಟು. ಇನ್ನು ನಮ್ಮ ಮನೆಯೊಳಗಿನ ಮಾತು.

ಮಡಿಕೇರಿಯಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. 150 ಸೀಟುಗಳೊಂದಿಗೆ ಆರಂಭವಾದ ಸಂಸ್ಥೆಯದು. ಮಗಳನ್ನು ದೂರ ಕಳುಹಿಸಲು ಹಿಂಜರಿಯುವ ತಂದೆಗೆ ಇದಕ್ಕಿಂತ ದೊಡ್ಡ ಅನುಗ್ರಹ ಬೇರೇನಿದೆ? ಬೆಳಗ್ಗೆ ಮನೆಯಿಂದ ಹೊರಟು ಸಂಜೆ ಮನೆಗೆ ಮರಳಿ ಆಕೆ ಡಾಕ್ಟರಾಗಬಹುದು. ವಿಪರ್ಯಾಸವೆಂದರೆ, ಮನೆಯ ಸಮೀಪದ ಆ ಕಾಲೇಜಿಗೆ ಹೋಗುವ ದಾರಿ ಮಂಗಳೂರು, ಮೂಡುಬಿದಿರೆ, ಬೆಂಗಳೂರುಗಳ ವಸತಿ ಕಾಲೇಜು ಮತ್ತು ಕೋಚಿಂಗ್ ಕೇಂದ್ರಗಳ ಮೂಲಕ ಸಾಗುತ್ತದೆ. ಆ ದಾರಿಯಲ್ಲಿ ಹುಡುಗನನ್ನು ಕಳುಹಿಸುತ್ತೇವೆ. ಹುಡುಗಿಯನ್ನು, "ಘಟ್ಟ ಇಳಿದು ಹಾಸ್ಟೆಲಲ್ಲಿರುವುದು ಬೇಡ ಮೋಳೇ, ಇಲ್ಲೇ ಓದು" ಎಂದು ತಡೆಯುತ್ತೇವೆ. ಆಕೆ ಇಲ್ಲೇ ಓದುತ್ತಾಳೆ, ಪಿಯುಸಿಯಲ್ಲಿ ಅಣ್ಣನಿಗಿಂತ ಹೆಚ್ಚು ಅಂಕ ತೆಗೆಯುತ್ತಾಳೆ, ನೀಟ್‌ನಲ್ಲಿ ಹಿಂದುಳಿಯುತ್ತಾಳೆ. ಮೊದಲ ಬಾರಿ ಸೀಟು ಸಿಗದ ಅಣ್ಣನಿಗೆ ಒಂದು ವರ್ಷ 'ಲಾಂಗ್ ಟರ್ಮ್' ಕೋಚಿಂಗ್. ಸೀಟು ಸಿಗದ ತಂಗಿಗೆ ನಿಶ್ಚಿತಾರ್ಥ.

ದೇಶದಾದ್ಯಂತ ನೀಟ್ ಬರೆಯುವವರಲ್ಲಿ ಹುಡುಗಿಯರ ಸಂಖ್ಯೆಯೇ ಹೆಚ್ಚು ಎಂಬುದನ್ನು ಇಲ್ಲಿ ಗಮನಿಸಬೇಕು. ಹೆಣ್ಣೆಂಬ ಕಾರಣಕ್ಕೆ ಯಾರೂ ಆ ಪರೀಕ್ಷೆಯಲ್ಲಿ ಸೋಲುವುದಿಲ್ಲ. ತರಬೇತಿ ಇಲ್ಲದ ಕಾರಣಕ್ಕೆ ಸೋಲುತ್ತಾರೆ. ತರಬೇತಿ ತಪ್ಪಿಸಿದವರು ನಾವು. ವಿದ್ಯಾರ್ಜನೆಯನ್ನು ಗಂಡು-ಹೆಣ್ಣೆಂಬ ಭೇದವಿಲ್ಲದೆ ಕಡ್ಡಾಯಗೊಳಿಸಿದ ಧರ್ಮದ ಅನುಯಾಯಿಗಳೆಂದು ವೇದಿಕೆಗಳಲ್ಲಿ ಎದೆಯುಬ್ಬಿಸಿ ಹೇಳುವವರೂ ನಾವೇ.

ಮಗಳನ್ನು ದೂರ ಕಳುಹಿಸಲೇಬೇಕೆಂದು ನಾವು ಯಾರನ್ನೂ ಒತ್ತಾಯಿಸುವುದಿಲ್ಲ. ಹೆತ್ತವರ ಆತಂಕಕ್ಕೆ ಕಾರಣಗಳಿವೆ, ವಸತಿ ಕಾಲೇಜುಗಳ ಶುಲ್ಕ ಭರಿಸುವ ಶಕ್ತಿ ತೋಟದ ರೈಟರಿಗೋ ಸಣ್ಣ ಅಂಗಡಿಯವರಿಗೋ ಇರುವುದೂ ಇಲ್ಲ. ಆದರೆ ಮಗಳು ಹೊರಹೋಗಬಾರದೆಂದಾದರೆ ತರಬೇತಿಯೇ ಊರೊಳಗೆ ಬರಬೇಕಲ್ಲವೇ? ಮದುವೆ ಹಾಲ್‌ಗಳಿಗೂ ಮಿನಾರಗಳಿಗೂ ಹಣ ಸಂಗ್ರಹಿಸಬಲ್ಲ ಜಮಾಅತ್‌ಗಳು ಮಡಿಕೇರಿ, ವಿರಾಜಪೇಟೆ, ಕುಶಾಲನಗರಗಳಲ್ಲಿ ಜೊತೆಗೂಡಿ ಮೂವರು ಉಪನ್ಯಾಸಕರಿಗೆ ಸಂಬಳ ಕೊಡಲಾರವೇ? ಪ್ರಥಮ ಪಿಯುಸಿಯಿಂದಲೇ ವಾರಕ್ಕೆ ಮೂರು ಸಂಜೆ ತರಗತಿ, ತಿಂಗಳಿಗೊಂದು ಮಾದರಿ ಪರೀಕ್ಷೆ ನಡೆಸಲು ಮದ್ರಸಾದ ಕೋಣೆಗಳೇ ಸಾಕು. ಇತರ ಸಮುದಾಯದ ಬಡ ಮಕ್ಕಳಿಗೂ ಅಲ್ಲಿ ಬೆಂಚು ಇರಲಿ. ಶಾಲು ಹೊದಿಸುವ ಸಭೆಯ ಖರ್ಚನ್ನಾದರೂ ಮೊದಲು ಅತ್ತ ತಿರುಗಿಸಬಹುದು.

ಮೆಡಿಕಲ್ ಬಿಟ್ಟರೆ ಬೇರೆ ಭವಿಷ್ಯವಿಲ್ಲ ಎಂಬ ಹಠವೂ ಸಲ್ಲದು. ಕುಶಾಲನಗರದ ಸರಕಾರಿ ಇಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಇಂಜಿನಿಯರಿಂಗ್ ಕಾಲೇಜುಗಳು ಜಿಲ್ಲೆಯೊಳಗೇ ಇವೆ. ಅಲ್ಲಿ ಮಗಳ ಪಿಯುಸಿ ಅಂಕಕ್ಕೆ ಅರ್ಧ ಬೆಲೆಯಿದೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿಗೂ ದಾರಿ ಸಿಇಟಿಯೇ. ಆದರೂ ನೀಟ್ ಬರೆದ ಅನೇಕ ಹುಡುಗಿಯರು ಪಿಯುಸಿಯಲ್ಲಿ ಗಣಿತವನ್ನೇ ಆರಿಸಿಕೊಂಡಿರುವುದಿಲ್ಲ. ಎಸೆಸೆಲ್ಸಿ ಮುಗಿದ ರಜೆಯಲ್ಲಿ ಆಗುವ ಈ ಆಯ್ಕೆಯನ್ನು ಯಾರೋ ನೆಂಟರ ಮಾತಿಗೆ ಒಪ್ಪಿಸಿಬಿಡುತ್ತೇವೆ.

ಕೊನೆಯದಾಗಿ, ಪರೀಕ್ಷೆಗೂ ಅಂಕಕ್ಕೂ ಸಂಬಂಧವಿಲ್ಲದ ಕಾರಣಕ್ಕೆ ಸೀಟು ಕಳಕೊಳ್ಳುವವರಿದ್ದಾರೆ. 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರ ರದ್ದುಪಡಿಸಹೊರಟಾಗ ಬೀದಿಗಿಳಿದ ನಾವು, ಸುಪ್ರೀಂ ಕೋರ್ಟಿನಲ್ಲಿ ಆ ಆದೇಶ ಜಾರಿಯಾಗದೆ ನಿಂತ ಬಳಿಕ ಪ್ರಮಾಣಪತ್ರ ಮಾಡಿಸುವುದನ್ನೇ ಮರೆಯುತ್ತೇವೆ. 150ರಲ್ಲಿ ಶೇ. 15 ಅಖಿಲ ಭಾರತ ಕೋಟಾಕ್ಕೆ ಹೋದರೆ ಉಳಿದುದರಲ್ಲಿ ಶೇ. 4 ಎಂದರೆ ಲೆಕ್ಕಕ್ಕೆ ಐದು ಸೀಟು. ಅದೂ ಕೊಡಗಿನವರಿಗೇ ಮೀಸಲಲ್ಲ, ಬೀದರ್‌ನಿಂದ ಭಟ್ಕಳದವರೆಗಿನ ಎಲ್ಲರೂ ಅದಕ್ಕೆ ಸ್ಪರ್ಧಿಗಳು. ಆ ಐದರಲ್ಲೊಂದು, ನಾಡಕಚೇರಿಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಇಲ್ಲವೆಂದು ಕೈತಪ್ಪಬಾರದು. ಹಳ್ಳಿಯ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದ ಮಗುವಿಗೆ ಗ್ರಾಮೀಣ ಮೀಸಲಾತಿಯೂ, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿಯೂ ಇದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಮಗಳು ದ್ವಿತೀಯ ಪಿಯುಸಿಗೆ ಕಾಲಿಟ್ಟ ತಿಂಗಳಲ್ಲೇ ತಂದೆಯಂದಿರು ಈ ಕೆಲಸ ಮುಗಿಸಿಟ್ಟುಕೊಳ್ಳಲಿ. ಅರ್ಜಿಯ ಕೊನೆಯ ದಿನ ನಾಡಕಚೇರಿಯ ಸರ್ವರ್ ಕೈಕೊಟ್ಟರೆ ಮಾಡುವುದೇನು?