ವಿಚ್ಛೇದಿತೆಯ ಕಾಯಕಕ್ಕೆ ಪಾಲಿಲ್ಲವೇ?

ಪಿಂಚಣಿ ಸರ್ಕಾರದ ದಯೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು 1982ರಲ್ಲಿ ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದಿನಿಂದ ನಾವು ನಿವೃತ್ತರೆಲ್ಲ ತಲೆಯೆತ್ತಿ ಪಿಂಚಣಿ ಪಡೆಯುತ್ತಿದ್ದೇವೆ. ಆದರೆ ಆ ಸೇವೆಯ ಇಪ್ಪತ್ತು ವರ್ಷ ಬುತ್ತಿ ಕಟ್ಟಿ, ವರ್ಗವಾದ ಊರೂರಿಗೆ ಪಾತ್ರೆ ಪಡಗ ಸಾಗಿಸಿ, ಅತ್ತೆ ಮಾವನ ಕೊನೆಗಾಲ ನೋಡಿಕೊಂಡು, ಆಮೇಲೆ ಕಾಲಿನ ಬಲವನ್ನೋ ಕಣ್ಣಿನ ಬೆಳಕನ್ನೋ ಕಳೆದುಕೊಂಡವಳನ್ನು ಗಂಡ ಬಿಟ್ಟರೆ ಅವಳ ಕಾಯಕ ಯಾವ ಲೆಕ್ಕಕ್ಕೆ ಸೇರಿತು?

ನಿಯಮ ಕಟುವಾಗಿದೆ. ಕೋರ್ಟಿನಲ್ಲಿ ವಿಚ್ಛೇದನವಾದ ದಿನವೇ ಆಕೆ ಕುಟುಂಬ ಪಿಂಚಣಿಯ 'ಕುಟುಂಬ'ದಿಂದ ಹೊರಗೆ. ದುಡಿಯಲಾಗದ ಅಂಗವಿಕಲ ಮಗನಿಗೋ ಮಗಳಿಗೋ ಜೀವನಪರ್ಯಂತ ಕುಟುಂಬ ಪಿಂಚಣಿ ಕೊಡುವ ಸರ್ಕಾರ, ಅದೇ ಸ್ಥಿತಿಯ ವಿಚ್ಛೇದಿತೆಗೆ ಕೊಡುವುದಿಲ್ಲ. ಬ್ರಿಟನ್ನಿನಲ್ಲಿ 2000ದ ಡಿಸೆಂಬರಿನಿಂದ ವಿಚ್ಛೇದನದ ಹೊತ್ತಿಗೇ ಪಿಂಚಣಿಯನ್ನು ಪಾಲು ಮಾಡಲು ಕೋರ್ಟಿಗೆ ಅಧಿಕಾರವಿದೆ. ನಮ್ಮಲ್ಲಿ ಆ ಮಾತೇ ಹುಟ್ಟಿಲ್ಲ.

ಹಾಗಾದರೆ ಕೈ ಚೆಲ್ಲಬೇಕೆ? ಇಲ್ಲ. ಸವಳಂಗ, ನ್ಯಾಮತಿ, ಹೊನ್ನಾಳಿ ಸೀಮೆಯಲ್ಲಿ ಎಷ್ಟೋ ಸಂಸಾರ ಮುರಿಯುವುದು ಕೋರ್ಟಿನಲ್ಲಲ್ಲ, ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ. ಆ ಕಾಗದಕ್ಕೆ 'ಬಿಡುಗಡೆ ಪತ್ರ' ಎಂದು ಹೆಸರು. 1955ರ ಹಿಂದೂ ವಿವಾಹ ಕಾಯ್ದೆ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದೇ ನಮ್ಮನ್ನು ತನ್ನೊಳಗೆ ಸೇರಿಸಿಕೊಂಡಿದೆ (ಧರ್ಮದ ಮಾನ್ಯತೆಯ ಚರ್ಚೆ ಬೇರೆ, ಅದು ಇಲ್ಲಿ ಬೇಡ). ಅದರಂತೆ ಕೋರ್ಟಿನ ಡಿಕ್ರಿ ಬೇಕು, ಇಲ್ಲವೇ ವಿಚ್ಛೇದನದ ರೂಢಿ ನಮ್ಮಲ್ಲಿದೆ ಎಂದು ಸಾಬೀತು ಮಾಡಬೇಕು. ಎರಡೂ ಇಲ್ಲದಿದ್ದರೆ ಆಕೆ ಇಂದಿಗೂ ಹೆಂಡತಿಯೇ. ಗಂಡ ತೀರಿದ ಮೇಲೆ ಕುಟುಂಬ ಪಿಂಚಣಿ ಕೇಳುವ ಹಕ್ಕು ಅವಳದು. ಇದನ್ನು ತಿಳಿಯದೆ 'ನಂದೇನೂ ಇಲ್ಲ' ಎಂದು ಮನೆಯ ಮೂಲೆ ಸೇರಿದವರು ಕಡಿಮೆಯಿಲ್ಲ.

ಡಿಕ್ರಿ ಆಗಿದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. ಅದೇ ಕಾಯ್ದೆಯ 25ನೇ ಕಲಮಿನಲ್ಲಿ ಶಾಶ್ವತ ಜೀವನಾಂಶವನ್ನು ಡಿಕ್ರಿಯ ಸಮಯದಲ್ಲಿ ಮಾತ್ರವಲ್ಲ, ಆನಂತರವೂ ಕೇಳಬಹುದು. ಹೆಂಡತಿಯೂ ಕೇಳಬಹುದು, ಅಂಗವಿಕಲನಾದ ಗಂಡನೂ ಕೇಳಬಹುದು. ಜೀವನಾಂಶ ನಿಗದಿ ಮಾಡುವಾಗ ತೀವ್ರ ಅಂಗವೈಕಲ್ಯವನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು 2020ರ ರಜನೇಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಿಂಚಣಿಯನ್ನು ಸಾಲಗಾರರು ಜಪ್ತಿ ಮಾಡಿಸಲಾಗದು. ಜೀವನಾಂಶದ ಬಾಕಿಗೆ ಮಾಡಿಸಬಹುದೆಂದು ಬಾಂಬೆ ಹೈಕೋರ್ಟ್ ತೀರ್ಪಿತ್ತಿದೆ. ಇನ್ನೊಂದು ಸಂಗತಿ: ಜೀವನಾಂಶವನ್ನು ಗಂಡನ ಸ್ಥಿರಾಸ್ತಿಯ ಮೇಲೆ ಹೊರೆಯಾಗಿ ದಾಖಲಿಸಲು ಕೋರ್ಟಿಗೆ ಅವಕಾಶವಿದೆ. ಗ್ರ್ಯಾಚುಟಿ ಬ್ಯಾಂಕಿನಲ್ಲಿದ್ದರೆ ಕರಗುತ್ತದೆ, ಸೈಟು ಮನೆಯಾಗಿದ್ದರೆ ಹಿಡಿಯಲು ಸಿಗುತ್ತದೆ.

ನನಗೆ ಸಿಟ್ಟು ಬರುವುದು ನಮ್ಮ ಹಿರಿಯರ ಮೇಲೆ. 'ಇನ್ನು ಮುಂದೆ ಯಾವ ಹಕ್ಕೂ ಇಲ್ಲ' ಎಂಬ ಸಾಲು ಬರೆಸುವುದು ಅವರೇ. ಬೇಡವೆಂದವಳಿಗೆ ಅಕ್ಕಮಹಾದೇವಿಯ ಉದಾಹರಣೆ ಕೊಡುವವರನ್ನೂ ಕಂಡಿದ್ದೇನೆ: ಅಕ್ಕ ಎಲ್ಲ ಬಿಟ್ಟು ಹೊರಟಳಲ್ಲ ಎಂದು. ಅಕ್ಕ ಬಿಟ್ಟದ್ದು ತನ್ನ ಇಚ್ಛೆಯಿಂದ. ಎದ್ದು ನಿಲ್ಲಲಾರದವಳಿಂದ ಬಿಡಿಸುವುದಕ್ಕೆ ಆ ಹೆಸರು ಎತ್ತಬಾರದು.

ಸಿರಿಗೆರೆಯ ಸದ್ಧರ್ಮ ನ್ಯಾಯಪೀಠದಂತಹ ಕಡೆಗೆ ಜನ ಇಂದಿಗೂ ನಂಬಿ ಹೋಗುತ್ತಾರೆ. ಮಠಗಳ ಮುಂದೆ ದಂಪತಿಗಳ ವ್ಯಾಜ್ಯ ಬಂದಾಗ ಒಂದು ಕೆಲಸ ಮಾಡಲಿ: ಹಂಚಿಕೆಯ ಮಾತಿಗೆ ಮೊದಲು ನೌಕರನ ಸೇವಾ ಪುಸ್ತಕ ತರಿಸಿ, ನಿವೃತ್ತಿ ದಿನಾಂಕ, ಬರುವ ಗ್ರ್ಯಾಚುಟಿ, ಕೆಜಿಐಡಿ ಪಾಲಿಸಿ ಬರೆದಿಟ್ಟುಕೊಳ್ಳಲಿ. ಅಂಗವಿಕಲರ ಪಾಲು ತೀರ್ಮಾನವಾಗದೆ ಯಾರ ಸಹಿಯನ್ನೂ ಹಾಕಿಸದಿರಲಿ. ಕೋರ್ಟಿಗೆ ಹೋಗಲೇಬೇಕಾದರೆ ಮಹಿಳೆಯರಿಗೂ ಅಂಗವಿಕಲರಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಒದಗಿಸುವ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಅಲ್ಲಿಗೆ ಆಕೆಯನ್ನು ಕರೆದೊಯ್ಯಲು ಒಂದು ಆಟೋ ಗೊತ್ತು ಮಾಡುವುದೂ ದಾಸೋಹವೇ.